ಉಳ್ಳಾಗಡ್ಡಿಯ ವಾಸನೆ

ರಾಯಬಾಗ
ತಾ. ೯-೯-೧೯೯೮

ಪ್ರೀತಿಯ ಬಾಹುಬಲಿ ಅಣ್ಣನಿಗೆ ತಂಗಿ ಶೇವಂತಾ ಮಾಡುವ ನಮಸ್ಕಾರಗಳು.

ಹೇಗಿದ್ದೀ? ಮಗ್ಗದ ಧೂಳಿಗೆ ಹತ್ತಿದ ಕೆಮ್ಮು ಕಡಿಮೆಯಾಯಿತೇ? ಇಚಲಕರಂಜಿಯ ನೀರು ನಿನಗೆ ಒಗ್ಗುವುದಿಲ್ಲ, ಕಾಯಿಸಿ ಕುಡಿ ಎಂದು ಅಪ್ಪ ಬಂದಾಗಲೆಲ್ಲ ಹೇಳುತ್ತಾನೆ, ನೀನು ಕೇಳುವ ಪೈಕಿ ಅಲ್ಲ. ಎರಡು ಕಾಗದ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ಕೈಗೇನು ಮೆಹಂದಿ ಹಚ್ಚಿಕೊಂಡು ಕೂತಿದ್ದೀಯಾ? ಇರಲಿ. ನಾನು ಹಾರೂಗೇರಿಯಿಂದ ತವರಿಗೆ ಬಂದು ಇಪ್ಪತ್ತು ದಿನವಾಯಿತು, ಅತ್ತೆ ಗೊಣಗದೆ ಕಳಿಸಿದ್ದಾರೆ. ಆಯಿ ಹಾಸಿಗೆ ಹಿಡಿದಿದ್ದಾಳೆ. ಅಪ್ಪ ದಿನವಿಡೀ ತನ್ನ ತಾಯಿಯ ಕಾಲೊತ್ತುತ್ತಾ ಕೂಡುತ್ತಾನೆ. ಇನ್ನು ಹತ್ತು ದಿನವೋ ಹದಿನೈದು ದಿನವೋ ಎಂದು ಡಾಕ್ಟರು ಹೇಳಿ ಹೋಗಿದ್ದಾರೆ.

ನಿನ್ನೆ ಮಳೆ ಬಂತು, ಹಿತ್ತಲಿಗೆ ಬಟ್ಟೆ ತೆಗೆಯಲು ಓಡಿದೆ. ಈಗ ಅಲ್ಲಿ ನೈಲಾನ್ ಹಗ್ಗವಿದೆ. ಹಿಂದಿನ ತಂತಿ ನೆನಪಿದೆಯೇ? ಅದರ ಒಂದು ತುದಿಯನ್ನು ಅಪ್ಪ ಕರೆಂಟು ಒಳಗೆ ಬರುವ ಕಬ್ಬಿಣದ ಪೈಪಿಗೇ ಕಟ್ಟಿದ್ದ. ಐದು ವರ್ಷದ ನಾನು ಒಗೆಯುವ ಕಲ್ಲು ಹತ್ತಿ ಒದ್ದೆ ಲಂಗ ಜಗ್ಗಲು ಹೋಗಿ ತಂತಿಗೆ ಅಂಟಿಕೊಂಡೆ. ನೀನು ಅಡುಗೆಮನೆಯಿಂದ ಲಟ್ಟಣಿಗೆ ತಂದು ನನ್ನ ಮೊಣಕೈಗೆ ಬಾರಿಸಿ ಕೆಡವಿದೆ. ಬಿದ್ದವಳು ಅಳುತ್ತಾ "ಅಣ್ಣ ಹೊಡದಾ" ಎಂದೆ. ಅಪ್ಪ ಹಿಂದುಮುಂದು ನೋಡದೆ ನಿನ್ನ ಕಪಾಳಕ್ಕೆ ಎರಡು ಬಿಟ್ಟ. ತಾನೇ ತಂತಿ ಮುಟ್ಟಿ ಒದೆಸಿಕೊಂಡ ಮೇಲಷ್ಟೇ ಅವನಿಗೆ ಗೊತ್ತಾಯಿತು. ನೀನೇನು ಕಡಿಮೆಯೇ? ಪ್ಲಗ್ಗಿಲ್ಲದ ರೇಡಿಯೋ ವಾಯರನ್ನು ಬೆಂಕಿಕಡ್ಡಿ ಚುಚ್ಚಿ ಬೋರ್ಡಿಗೆ ಸಿಗಿಸುತ್ತಿದ್ದೆ. ಒಂದು ಸಲ ಶಾಕ್ ಹೊಡೆಸಿಕೊಂಡು, ಹಾಡು ಮುಗಿಯುವವರೆಗೂ ಕಣ್ಣು ಪಿಳಿಪಿಳಿ ಬಿಡುತ್ತಾ ಕೂತಿದ್ದೆ. "ಇಂವಾ ಹುಟ್ಟಿದ್ದ ಕರೆಂಟಿನ ಕೂಡ ಜಗಳಾಡಾಕ" ಎಂದು ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ಅವ್ವನ ನಗೆ ನೆನಪಾದರೆ ಆ ದಿನವೂ ನೆನಪಾಗುತ್ತದೆ ಅಣ್ಣಾ. ಹನ್ನೊಂದು ವರ್ಷ ನಾವಿಬ್ಬರೂ ಆ ಮಾತು ಎತ್ತಿಲ್ಲ. ಇವತ್ತು ಬರೆಯುತ್ತೇನೆ, ಹರಿದು ಒಗೆಯಬೇಡ, ಕೊನೆಯವರೆಗೆ ಓದು.

ಗ್ಯಾಸು ಬಂದ ದಿನ ಓಣಿಯೇ ನೋಡಲು ಬಂದಿತ್ತು. ಆಯಿ ಸಿಲಿಂಡರಿಗೆ ಕುಂಕುಮ ಹಚ್ಚಿದಳು. ಜೋಡಿಸಿ ಕೊಟ್ಟ ಹುಸೇನಮಿಯಾ ಕಾಕಾ ಹೋಗುವಾಗ ಹೇಳಿದ, "ಕೊಳತ ಉಳ್ಳಾಗಡ್ಡಿ ಹಂಗ ವಾಸನಿ ಬಂದ್ರ ಕಡ್ಡಿ ಗೀರಬ್ಯಾಡ್ರಿ ಆಯಿ. ಕಿಟಕಿ ತಗದು ಇದನ್ನ ತಿರುವಿ ಬಂದ್ ಮಾಡ್ರಿ." ಆಯಿ ಮುಖ ಸಿಂಡರಿಸಿ, "ಜೈನರ ಮನ್ಯಾಗ ಉಳ್ಳಾಗಡ್ಡಿ ಎಲ್ಲಿಂದ ಬರಬೇಕೋ ತಮ್ಮಾ" ಎಂದಳು. ಎಲ್ಲರೂ ನಕ್ಕೆವು. ಜನ್ಮದಲ್ಲಿ ಅದನ್ನು ಮುಟ್ಟದ ಆಯಿಗೆ, ಅವ್ವನಿಗೆ, ಹಸಿಯದರ ವಾಸನೆ ಯಾವುದು ಕೊಳೆತದ್ದು ಯಾವುದು ಏನು ಗೊತ್ತು? ಮನೆಯಲ್ಲಿ ಗೊತ್ತಿದ್ದವನು ನೀನೊಬ್ಬನೇ. ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ಉಳ್ಳಾಗಡ್ಡಿಯ ಕಾಂದಾಭಜಿ ತಿಂದು ಆಯಿಯ ಕೈಗೆ ಸಿಕ್ಕಿಬಿದ್ದವನು. ಇಲಿ ಗ್ಯಾಸಿನ ರಬ್ಬರ್ ಪೈಪು ಕಡಿಯುತ್ತದೆ, ಬೋನು ಇಡೋಣ ಎಂದು ಅಪ್ಪ ಎಷ್ಟು ಸಲ ಹೇಳಿದ. ಹಿಂಸೆಯ ಕೆಲಸ ಬೇಡ ಎಂದು ಆಯಿ ಬಿಡಲಿಲ್ಲ. ಅವು ತಿಂದು ಸುಮ್ಮನಿರಲಿ ಎಂದು ದಿನಾ ಮೂಲೆಯಲ್ಲಿ ಹಿಡಿ ಜೋಳ ಚೆಲ್ಲುತ್ತಿದ್ದಳು.

ಚಾತುರ್ಮಾಸದ ದಿನಗಳು, ಜಿಟಿಜಿಟಿ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಅವ್ವ ಬಸದಿಗೆ ಹೋಗಿದ್ದಳು. ನಾವು ಸಾಲೆಯಿಂದ ಬರುವಾಗ ಆಯಿ ಪಡಸಾಲೆಯಲ್ಲಿ ನಿಂತು ಮೂಗು ಅರಳಿಸುತ್ತಿದ್ದಳು. "ಯಾರಲೇ ಉಳ್ಳಾಗಡ್ಡಿ ತಿಂದ ಬಂದವರು?" ಎಂದಳು. ನಾನು ಪಾಟಿಚೀಲ ಎದೆಗೆ ಅವಚಿಕೊಂಡು ನಿಂತೆ. ಆಯಿ ನಿನ್ನನ್ನೇ ಹಿಡಿದಳು. "ನಾ ತಿಂದಿಲ್ಲ ಆಯಿ, ಇದು ಗ್ಯಾಸಿಂದು, ಹೋಗಿ ಬಂದ್ ಮಾಡತೀನಿ ಬಿಡ" ಎಂದು ನೀನು ಎರಡು ಹೆಜ್ಜೆ ಇಟ್ಟೂ ಇಟ್ಟೆ. "ಚಾತುರ್ಮಾಸದಾಗ ಆ ಬಾಯಿ ತಗೊಂಡ ಅಡಗಿಮನಿ ಹೊಸ್ತಲಾ ದಾಟಿದ್ರ ಕಾಲ ಮುರೀತೀನಿ" ಎಂದು ಕಿವಿ ಹಿಡಿದು ಹಿತ್ತಲ ಬಾವಿಗೆ ಎಳೆದಳು. ನಿನ್ನ ತಲೆಯ ಮೇಲೆ ನೀರು ಸುರಿಯಲು ನನ್ನನ್ನೂ ಕರೆದಳು. ನೀರಿನೊಳಗಿಂದಲೇ ನೀನು ಗ್ಯಾಸು, ಗ್ಯಾಸು ಎಂದು ಕೂಗುತ್ತಿದ್ದೆ. ಮೂರನೆಯ ಕೊಡಕ್ಕೆ ಅವ್ವ ಮುಂಬಾಗಿಲಿನಿಂದ ಬಂದಿದ್ದಾಳೆ. ನೆಗಡಿಯಾಗಿ ಎರಡು ದಿನದಿಂದ ಅವಳ ಮೂಗು ಕಟ್ಟಿತ್ತು. ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕಲ್ಲ, ಸೀದಾ ಹೋಗಿ ಕಡ್ಡಿ ಗೀರಿದ್ದಾಳೆ.

"ದೇವರ ದೊಡ್ಡಾಂವ, ಹುಡುಗೋರು ಹೊರಗಿದ್ದೂ" ಎಂದರು ಓಣಿಯವರು. ಮಿರಜಿನ ದವಾಖಾನೆಯಲ್ಲಿ ಒಂಬತ್ತು ದಿನ ಅವ್ವನೂ ಅದನ್ನೇ ಹೇಳಿ ಸಮಾಧಾನ ಮಾಡಿಕೊಂಡಳು. ಹತ್ತನೆಯ ದಿನ ಅವ್ವ ಇರಲಿಲ್ಲ. ಎಲ್ಲ ಮುಗಿದ ಮೇಲೆ ನೀನು ಆಯಿಯ ಮುಂದೆ ನಿಂತು "ನಿನ್ನ ಕೈಯಾಗಿನ ನೀರ ಸುದ್ದಾ ಕುಡಿಯಂಗಿಲ್ಲ" ಎಂದೆ. ಹದಿನಾಲ್ಕು ವರ್ಷದ ಹುಡುಗನ ಸಿಟ್ಟು, ಇಳಿಯುತ್ತದೆ ಎಂದುಕೊಂಡೆವು. ಎರಡು ವರ್ಷ ನೀನೇ ಸೇದಿ ಕುಡಿದೆ, ಆಮೇಲೆ ಊರೇ ಬಿಟ್ಟೆ. ನನ್ನ ಮದುವೆಗೆ ಬಂದು ಅಕ್ಷತೆ ಹಾಕಿದವನು, ಆಯಿ ತಂಬಿಗೆ ಹಿಡಿದು ಎದುರಿಗೆ ಬಂದರೆ ಬೆನ್ನು ತಿರುಗಿಸಿದೆ. ಆಕೆ ಆ ತಂಬಿಗೆ ಹಿಡಿದುಕೊಂಡೇ ಮಂಟಪದಲ್ಲಿ ಬಹಳ ಹೊತ್ತು ನಿಂತಿದ್ದಳು.

ಹೋದ ವಾರ ಆಯಿ ನನ್ನನ್ನು ಹತ್ತಿರ ಕರೆದು, ಒಂದು ಉಳ್ಳಾಗಡ್ಡಿ ತಂದುಕೊಡು ಎಂದಳು. ಅರಳುಮರಳು ಎಂದುಕೊಂಡೆ. ಬಿಡಲಿಲ್ಲ. ಹಿಂದಿನ ಮನೆಯ ಕುಲಸುಂಬಿ ಕಾಕಿಯ ಹತ್ತಿರ ಇಸಿದುಕೊಂಡು ಬಂದೆ. ಎಂಬತ್ತೆರಡು ವರ್ಷದಲ್ಲಿ ಮೊದಲ ಸಲ ಅದನ್ನು ಅಂಗೈಯಲ್ಲಿ ಹಿಡಿದು, ಮೂಗಿಗೆ ತಂದು ಮೂಸಿದಳು. "ಅವತ್ತಿಂದು ಇದಲ್ಲ ಶೇವಂತಾ. ಹುಡುಗ ಖರೇನ ಹೇಳಿದ್ದ" ಎಂದು ಗೋಡೆಯ ಕಡೆ ಹೊರಳಿದಳು. ಅಂದಿನಿಂದ ದಿನಾ ಮುಂಜಾನೆ ತಾಮ್ರದ ತಂಬಿಗೆಯಲ್ಲಿ ಸೋಸಿದ ನೀರು ತುಂಬಿಸಿ ತಲೆದಿಂಬಿನ ಹತ್ತಿರ ಇಡಿಸಿಕೊಳ್ಳುತ್ತಾಳೆ. ಯಾರಿಗೆ ಎಂದು ಕೇಳಬೇಕಿಲ್ಲ. ಸಂಜೆ ನಾನು ಅದನ್ನು ಗಿಡಕ್ಕೆ ಸುರಿಯುತ್ತೇನೆ.

ಮೊನ್ನೆ ಕ್ಷಮಾವಳಿ ಇತ್ತು. ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಮನೆಮನೆಗೆ ಹೋಗಿ ಕೈಮುಗಿದು ಬಂದೆ. ವರ್ಷವರ್ಷವೂ ಹೇಳುವ ಮಾತು, ನಾಲಿಗೆಗೆ ರೂಢಿಯಾಗಿದೆ. ಮನೆಗೆ ಬಂದು ಆಯಿಗೆ ಹೇಳಲು ಹೋದವಳು ತಲೆದಿಂಬಿನ ತಂಬಿಗೆ ಎತ್ತಿಕೊಂಡು ಹಿತ್ತಲಿಗೆ ನಡೆದೆ. ಅಪ್ಪ ನಿನಗೆ ಆಶೀರ್ವಾದ ತಿಳಿಸಿದ್ದಾನೆ. ಕುಲಸುಂಬಿ ಕಾಕಿ ನಿನ್ನ ಕೆಮ್ಮಿಗೆ ಅಡುಸೋಗೆ ಎಲೆ ಒಣಗಿಸಿ ಇಟ್ಟಿದ್ದಾಳೆ, ಬಂದು ತೆಗೆದುಕೊಂಡು ಹೋಗು. ಮೈ ಜೋಪಾನ.

ನಿನ್ನ ತಂಗಿ,
ಶೇವಂತಾ

ತಾ.ಕ.: ಕಾಗದಕ್ಕೆ ಅಂಟು ಹಚ್ಚಲು ಹೋಗಿ ಮತ್ತೆ ಬಿಚ್ಚಿದೆ. ಅವತ್ತು ಕಾಂದಾಭಜಿ ತಿಂದು ಬಂದವಳು ನಾನು. ಎರಡನ್ನು ನಿನಗೆಂದು ಕಾಗದದಲ್ಲಿ ಸುತ್ತಿ ಪಾಟಿಚೀಲದಲ್ಲಿ ಇಟ್ಟಿದ್ದೆ. ವಾಸನೆ ನನ್ನ ಚೀಲದ್ದೇ ಎಂದು ತಿಳಿದು, ಏಟಿಗೆ ಹೆದರಿ ಬಾಯಿ ಮುಚ್ಚಿಕೊಂಡೆ. ನಾನು ತಿಂದೆ ಎಂದಿದ್ದರೆ ಆಯಿ ನನ್ನ ಕಿವಿ ಹಿಡಿದು ಎಳೆಯುತ್ತಿದ್ದಳು, ನೀನು ಒಳಗೆ ಹೋಗಿ ಬಂದ್ ಮಾಡಿ ಬರುತ್ತಿದ್ದೆ, ಅವ್ವ ಇರುತ್ತಿದ್ದಳು. ಆಯಿಗೆ ಇನ್ನೂ ಗೊತ್ತಿಲ್ಲ. ನೀನು ಬಂದ ದಿನ ಇಬ್ಬರ ಮುಂದೆಯೂ ಹೇಳುತ್ತೇನೆ. ಆ ಆಣೆಯನ್ನು ಆಕೆಯ ಮೇಲಿಂದ ತೆಗೆದು ನನ್ನ ಮೇಲೆ ಹಾಕು ಅಣ್ಣಾ. ನಾನು ಇರುವತನಕ ನನ್ನ ಕೈಯ ನೀರು ಕುಡಿಯಬೇಡ, ಆಯಿಯ ಕೈಯಿಂದ ಒಂದು ಗುಟುಕು ಕುಡಿ.