ಚೀಲದೆಲೆಯ ಗಿಡ

ವಿಜ್ಞಾನದ ಮಾಸ್ತರೇ,

ಶಿರಹಟ್ಟಿಯ ನಿಮ್ಮ ಪಕ್ಕದ ಮನೆಯ ಕನ್ನಡ ಮಾಸ್ತರನ ನಮಸ್ಕಾರ.

ಅಂಡಮಾನಿನ ಗೆಳೆಯರು ಕೊಟ್ಟ ಆ ಬಳ್ಳಿಯನ್ನು ನೀವು ತೆಂಗಿನ ಸಿಪ್ಪೆಗೆ ಕಟ್ಟಿ, ನಮ್ಮಿಬ್ಬರ ಮನೆಗಳ ನಡುವಿನ ಬೇವಿನ ಮರಕ್ಕೆ ತೂಗುಹಾಕಿದ ದಿನ ನೆನಪಿದೆಯೇ? ಮಣ್ಣು ಬೇಡದ ಗಿಡ, ಪುಟ್ಟ ಚೀಲದಂಥ ಎಲೆಗಳು. "ಈ ಚೀಲದಾಗ ಇರುವಿ ಸಂಸಾರ ಮಾಡ್ತಾವು. ಅವು ತಂದು ಹಾಕಿದ ಕಸಾನ ಗೊಬ್ಬರ. ಗಿಡದ ಬೇರು ಒಳಗ ಇಳಿದು ಅದನ್ನ ಉಣ್ತಾವು ನೋಡ್ರಿ," ಎಂದಿರಿ. ನಾನು ಸುಮ್ಮನಿರುವ ಪೈಕಿಯೇ?

"ಇರುವಿಗೆ ಮನಿ, ಗಿಡಕ್ಕ ಗೊಬ್ಬರ,
ನಡುವ ಮಾಸ್ತರದ್ದ ಎಲ್ಲಾ ಅಬ್ಬರ!"

"ಪ್ರಾಸ ಆತು, ಇನ್ನ ನೀರು ಹಾಕ್ರಿ," ಎಂದು ತಂಬಿಗೆ ನನ್ನ ಕೈಗಿಟ್ಟಿರಿ.

ನಾಗರ ಪಂಚಮಿಗೆ ನೀವು ಡಂಬಳದ ತಂಗಿಗೆ ಉಂಡಿ ಕೊಡಲು ಹೋಗಿ ಅಲ್ಲೇ ಒಂದು ವಾರ ನಿಂತಿರಿ. ಇತ್ತ ನನ್ನ ಹೆಂಡತಿ, "ಇರುವಿ ಉಂಡಿ ಡಬ್ಬಿಗೆ ಹತ್ಯಾವು. ಪ್ರಾಸ ಆಮ್ಯಾಲೆ ಹೊಸೀರಿ, ಜಲ್ದಿ ಇವನ್ನ ನೋಡ್ರಿ!" ಎಂದಳು. ಇರುವೆ ಕೊಲ್ಲುವ ಪುಡಿ ತಂದೆ. ಡಬ್ಬಿಯ ಸುತ್ತ ಹಾಕಿ ಬಿಟ್ಟಿದ್ದರೆ ಸಾಕಿತ್ತು. ಸಾಲು ಹಿಡಿದು ಮರದವರೆಗೂ ಹೋಗಿ ಚೀಲಗಳ ಬಾಯಿಗೇ ಉದುರಿಸಿದೆ. ನಾಲ್ಕು ದಿನಕ್ಕೆ ಎಲೆಗಳು ಹಳದಿಯಾಗಿ ಕಳಚಿದವು.

ನೀವು ಬಂದು ನಿಂತಾಗ, "ಗಾಳಿ ಬಾಳ ಬಿಟ್ಟಿತ್ರಿ," ಎಂದುಬಿಟ್ಟೆ. ಶ್ರಾವಣದ ಗಾಳಿ, ಪಾಪ, ಸಾಕ್ಷಿ ಹೇಳಲು ಬರುತ್ತದೆಯೇ? ನೀವು ಒಂದು ಚೀಲ ಬಿಡಿಸಿದಿರಿ. ಒಳಗೆ ಇರುವೆಗಳು ಮುದುಡಿ ಬಿದ್ದಿದ್ದವು. ನನ್ನ ಮುಖ ನೋಡಿದಿರಿ. ಆಗಲೇ ಗೊತ್ತಾಯಿತೇ? ಗೊತ್ತಾಗಿಯೂ... "ಹೂಂ. ಗಾಳಿ ಬಾಳ ಇತ್ತು ಕಾಣ್ತೈತಿ," ಎಂದಿರಿ. ಇನ್ನೊಂದು ಸಸಿ ತರಿಸಲೇ ಇಲ್ಲ.

ನೀವು ತೀರಿಹೋದ ಮೇಲೆ ಶಾಲೆಯ ಕಪಾಟಿನಲ್ಲಿ ನಿಮ್ಮ ನೋಟುಬುಕ್ಕು ಸಿಕ್ಕಿತು. "ನಮ್ಮ ಹವೆ ಈ ಗಿಡಕ್ಕೆ ಒಗ್ಗದು" ಎಂದು ಬರೆದಿದ್ದೀರಿ. ತಪ್ಪು ಉತ್ತರಕ್ಕೆ ಅರ್ಧ ಅಂಕವನ್ನೂ ಕೊಡದ ನಿಮ್ಮ ಕೈಯಿಂದ ನನ್ನ ಸುಳ್ಳು! ಅದರಲ್ಲೇ ಇದ್ದ ವಿಳಾಸಕ್ಕೆ ಪತ್ರ ಹಾಕಿದೆ. ನಿಮ್ಮ ಗೆಳೆಯರು ಇನ್ನೊಂದು ತುಂಡು ಬಳ್ಳಿ ಕಳಿಸಿದರು.

ಒಂದು ಬೇಸಿಗೆ ದಾಟಿತು ಮಾಸ್ತರೇ. ಹೊಸ ಚೀಲ ಬಿಟ್ಟಿದೆ. ನಮ್ಮೂರ ಕರಿ ಇರುವೆಗಳೇ, ಯಾರೂ ಕರೆಯದೆ ಬಂದು, ಒಕ್ಕಲಾಗಿವೆ. ಸಂಜೆ ಬೇವಿನ ಕೆಳಗೆ ನಿಂತರೆ ನಿಮ್ಮ ಕೆಮ್ಮು ಕೇಳಿದಂತಾಗಿ ತಿರುಗಿ ನೋಡುತ್ತೇನೆ. "ಯಾರಿಗರೆ ತೋರಸಬೇಕು ಅನಸ್ತೈತ್ರಿ," ಎಂದಳು ಇವಳು. ನಾನು ಒಳಗೆ ಹೋಗಿ ನಿಮ್ಮ ನೋಟುಬುಕ್ಕು ತೆಗೆದೆ.

ನಿಮ್ಮ ಆ ಸಾಲಿನ ಕೆಳಗೆ ಬರೆದು ಸಹಿ ಹಾಕಿದ್ದೇನೆ: ಒಗ್ಗುತ್ತದೆ. ಮೊದಲನೆಯದನ್ನು ಕೊಂದವನು ನಾನು.