ಕೊಸರು ಯಾರದು

ಅಪ್ಪಾ,

"ಅಳತೆ ಅಂಗಡೀದು, ಕೊಸರು…" ಆಮೇಲೇನು? ಕೊಸರು ದೇವರದು ಅಂತಿದ್ದೆಯಾ, ಮನಸಿಂದು ಅಂತಿದ್ದೆಯಾ? ನಿನ್ನ ತಿಥಿಗೆ ಬಂದವರು ಆ ಮಾತನ್ನು ಒಬ್ಬೊಬ್ಬರು ಒಂದೊಂದು ಥರ ಮುಗಿಸಿದರು. ಅಳೆದ ಮೇಲೂ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟು ಕತ್ತರಿ ಹಾಕುತ್ತಿದ್ದ ಪುಣ್ಯಾತ್ಮ ಅಂತ ಹೊಗಳಿದರು. ನಾನು ವಡೆ ಬಡಿಸುತ್ತಿದ್ದೆ. ನನಗೆ ಬಿಟ್ಟ ಕೊಸರು ಎಲ್ಲಿ ಅಂತ ಆಗ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ತಾತ ಬಟ್ಟೆ ಗಂಟು ಹೊತ್ತು ಅರಕಲಗೂಡು, ಹೊಳೆನರಸೀಪುರದ ಸಂತೆ ಸುತ್ತಿದ್ದನ್ನು ಎಷ್ಟು ಸಲ ಹೇಳಿದ್ದೀಯ. ಹಾಸನದಲ್ಲಿ ಮಿಲ್ಲು ಶುರುವಾದಾಗ ಗಂಟು ಇಳಿಸಿ ಅಂಗಡಿ ಮಾಡಿದನಂತೆ. ಸಂಬಳದ ದಿನ ಮಿಲ್ಲಿನವರು ಬೀದಿಯವರೆಗೂ ನಿಲ್ಲುತ್ತಿದ್ದರಂತೆ. ಆ ಕತೆಯಲ್ಲಿ ತಾತ ಇದ್ದ, ನೀನಿದ್ದೆ, ಚಿಕ್ಕಪ್ಪನೂ ಇದ್ದ. ಕೋಳಿ ಕೂಗುವ ಹೊತ್ತಿಗೆ ಎದ್ದು ಗಂಟು ಕಟ್ಟಿಕೊಡುತ್ತಿದ್ದ ಅಜ್ಜಿ ಯಾಕಿರಲಿಲ್ಲ?

ನಾನು ಎಂ.ಎ. ಮುಗಿಸಿ ಬಂದ ವರ್ಷ ನೀನು, "ಮದುವೆ ಸೀಸನ್ ಮುಗಿಯಗಂಟ ಅಂಗ್ಡೀಲಿ ಕೂತ್ಕೊಳವ್ವ" ಅಂದೆ. ನನ್ನ ತಲೆ ನರೆತರೂ ಆ ಸೀಸನ್ ಮುಗಿಯಲಿಲ್ಲ. ನೀನು ಪ್ಯಾಂಟು ಶರ್ಟಿನ ಕಡೆ, ನಾನು ರವಿಕೆ ಲಂಗದ ಕಡೆ, ಬೆನ್ನಿಗೆ ಬೆನ್ನು ಹಾಕಿ. ನನ್ನ ಮಡಿಲಲ್ಲಿ ಪುಸ್ತಕ ಕಂಡರೆ, "ಪದ್ಯ ಮೀಟರ್‌ಗೆ ಎಷ್ಟಂತೆ?" ಅನ್ನುತ್ತಿದ್ದೆ. ಗಿರಾಕಿಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ, ದರಿದ್ರ.

ಮಿಲ್ಲು ಮುಚ್ಚಿತು, ರೆಡಿಮೇಡ್ ಬಂತು, ನಿನ್ನ ಕಾಲಿನ ಮಂಡಿ ಸವೆಯಿತು. ಬಟ್ಟೆ ಸುತ್ತಿದ ಥಾನು ಇಳಿಸಿದ್ದು, ಹರವಿದ್ದು, ಮತ್ತೆ ಮಡಿಚಿಟ್ಟದ್ದು ನಾನು. ನೀನು ಅಂಗಡಿ ಬರೆದುಕೊಟ್ಟದ್ದು ಮಾತ್ರ ಚಿಕ್ಕಪ್ಪನ ಮಗ ಲೋಹಿತನಿಗೆ. "ಬೋರ್ಡಿಗೆ ಒಂದು ಗಂಡು ಎಸ್ರು ಬ್ಯಾಡ್ವೇನವ್ವ?" ಅಂದೆ. ಲೋಹಿತ ಮೊದಲು ಇಳಿಸಿದ್ದೇ ಆ ಬೋರ್ಡನ್ನು. ಈಗ ಅಲ್ಲಿ ಮೊಬೈಲ್ ಮಾರುತ್ತಾರೆ. ನನಗೆ ಸಿಕ್ಕಿದ್ದು ನಮ್ಮ ಕಬ್ಬಿಣದ ಮೀಟರ್ ಕಡ್ಡಿ. ಅದೂ ನೀನು ಕೊಟ್ಟಿದ್ದಲ್ಲ, ಗುಜರಿಯವನ ಗಾಡಿಯಿಂದ ನಾನೇ ಎತ್ತಿಕೊಂಡು ಬಂದದ್ದು. ಇಷ್ಟು ವರ್ಷ ಅಲ್ಲಿ ಕೂತಿದ್ದವಳು ಯಾರು ಅಂತ ಒಂದು ದಿನವಾದರೂ ನಿನಗೆ…

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಅಂಗಡಿ ಹಾಕಿದ್ದೇನೆ. ಹಟ ಒಂದೇ: ನಿನ್ನ ಕೊಸರು ಇಲ್ಲಿ ಬೇಡ, ಕಡ್ಡಿ ಹೇಳಿದಷ್ಟಕ್ಕೇ ಕತ್ತರಿ. ಪಕ್ಕದ ಮನೆ ಜಯಕ್ಕ ಮೊದಲ ಗಿರಾಕಿ. ರವಿಕೆ ಬಟ್ಟೆ ಅಳೆದು ಕತ್ತರಿ ಎತ್ತಿದರೆ, ಕೈ ನನ್ನ ಮಾತು ಕೇಳದೆ ನಾಲ್ಕು ಬೆರಳು ಆಚೆಗೆ ಸರಿಯಿತು. ಮೈಯೆಲ್ಲ ಉರಿಯಿತು. "ಅಪ್ಪನ ಚಾಳಿ ಜಯಕ್ಕ, ಅವನು ಸತ್ತರೂ ಬಿಡಲ್ಲ" ಅಂದೆ.

ಅವಳು ಬಟ್ಟೆ ಕಂಕುಳಿಗಿಟ್ಟುಕೊಂಡು, ಬಾಗಿಲಲ್ಲಿ ತಿರುಗಿ ನಿಂತಳು.

"ನಿಮ್ಮಪ್ಪಂದಾ? ಸುಮ್ಕಿರವ್ವ. ನೀನಿಲ್ಲದ ದಿನ ಆವಯ್ಯ ಎಳ್ದೂ ಎಳ್ದೂ ಅಳೀತಿದ್ದ, ಮನೆಗೋಗಿ ನೋಡುದ್ರೆ ಒಂದು ಗೇಣು ಕಮ್ಮಿ. ನೀನು ಕೂತಿದ್ದೀಯಾ ಅಂತ ಬಾಗ್ಲಲ್ಲಿ ಇಣುಕಿ ನೋಡ್ಕಂಡೇ ನಾವು ಒಳೀಕೆ ಬತ್ತಿದ್ದುದು ಕಣವ್ವ."