ಕಿಟಕಿ ಪಕ್ಕದ ಪರೀಕ್ಷೆ

ಮಾರ್ಚ್ ೧೧, ಮಂಗಳವಾರ

ಹೊಸ ಉಪಕರಣಗಳನ್ನು ಪರೀಕ್ಷಿಸಿ ವರದಿ ಕೊಡುವುದು ಕಚೇರಿಯಲ್ಲಿ ನನ್ನ ಕೆಲಸ. "ಗೋಡೆ ಎಷ್ಟೇ ದಪ್ಪ ಇರ್ಲಿ, ಸಿಗ್ನಲ್ ಸಿಗುತ್ತೆ. ಒಂದ್ಸಲ ನೆಲಮಾಳಿಗೇಲಿ ನೋಡಿ ಸಾರ್," ಎಂದು ಎಂಜಿನಿಯರಮ್ಮ ತಾವು ಕಟ್ಟಿದ ವೈರ್‌ಲೆಸ್ ಪೆಟ್ಟಿಗೆ ಕೊಟ್ಟಿದ್ದರು. ಇಂಥ ಬುರುಡೆ ಎಷ್ಟು ಕೇಳಿಲ್ಲ ನಾನು! ಮೆಟ್ಟಿಲಿಳಿಯಲು ಸೋಮಾರಿತನ. ಕಿಟಕಿ ಪಕ್ಕದ ನನ್ನ ಮೇಜಿನ ಮೇಲೇ ಪರೀಕ್ಷಿಸಿದೆ. ಅಲ್ಲಿ ಎಲ್ಲ ಫೋನಿಗೂ ಸಿಗ್ನಲ್ ಇದ್ದೇ ಇರುತ್ತದೆ. 'ಹೊಸದೇನಿಲ್ಲ' ಎಂದು ವರದಿ ಕಳಿಸಿಬಿಟ್ಟೆ.

ಸಂಜೆ ಕಚೇರಿಯ ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಕಾರು ಕೈಕೊಟ್ಟಿತು. ಫೋನಿನಲ್ಲಿ ಸಿಗ್ನಲ್ಲೇ ಇಲ್ಲ. ಚೀಲದಲ್ಲಿದ್ದ ಅವರ ಪೆಟ್ಟಿಗೆಯ ಗುಂಡಿ ಒತ್ತಿದೆ. ಫೋನಿಗೆ ಸಿಗ್ನಲ್ ಬಂತು, ಮನೆಗೆ ಕರೆ ಹೋಯಿತು.

"ಎಲ್ಲಿದೀರಿ? ಪಕ್ಕದಲ್ಲೇ ನಿಂತು ಮಾತಾಡಿದ ಹಾಗಿದೆ!" ಎಂದಳು ಹೆಂಡತಿ.

"ರಸ್ತೇಲಿ," ಎಂದುಬಿಟ್ಟೆ.

ಅವಳಿಗೇಕೆ ಸುಳ್ಳು ಹೇಳಿದೆ? ನಾಳೆ ಪೆಟ್ಟಿಗೆ ವಾಪಸ್ ಕೊಡಬೇಕು. "ನೆಲಮಾಳಿಗೇಲಿ ನೋಡಿದ್ರಾ ಸಾರ್?" ಎಂದು ಎಂಜಿನಿಯರಮ್ಮ ಕೇಳಿದರೆ, ನೋಡಿದೆ ಎಂದರೆ ನನ್ನ ವರದಿ ಸುಳ್ಳಾಗುತ್ತದೆ, ಇಲ್ಲ ಎಂದರೆ ನೋಡದೆಯೇ ಬರೆದದ್ದು ಬಯಲಾಗುತ್ತದೆ.